ಎಂಟು ಪಟ್ಟಿಯ ಕಾರ್ಡು

1983ರ ಫೆಬ್ರವರಿ 14, ಸೋಮವಾರ. ಬೆಳಿಗ್ಗೆ 9-20ಕ್ಕೆ ಮಾಲೂರು ಠಾಣೆಗೆ ಬಂದ ದೂರನ್ನು ಕೇಳಿ ಸಬ್ ಇನ್ಸ್‌ಪೆಕ್ಟರ್ ಕೋದಂಡರಾಮಪ್ಪನವರು ಹಿಡಿದಿದ್ದ ಪೆನ್ನು ಕೆಳಗಿಟ್ಟರು. ದೂರು ತಂದವರು ಹೈಸ್ಕೂಲಿನ ಡ್ರಾಯಿಂಗ್ ಟೀಚರ್ ಶ್ಯಾಮಲಮ್ಮ. ಅವರು ನಡೆಸುವ ಕಲಾ ಸಂಘದ ಕೊಠಡಿಯಲ್ಲಿ ಕಳ್ಳತನವಾಗಿತ್ತು. ಹೋದದ್ದು ಪೋಸ್ಟ್ ಕಾರ್ಡುಗಳು.

“ಪೋಸ್ಟಾಫೀಸಲ್ಲಿ ಬೇಕಾದಷ್ಟು ಸಿಗ್ತಾವಲ್ಲಮ್ಮ?”

“ಅಂಥ ಕಾರ್ಡಲ್ಲ ಸಾರ್. ನನ್ನ ಶಿಷ್ಯ ಅಶ್ವತ್ಥ ಬರೆದ ನಾಲ್ಕು ಚಿತ್ರಾನ ದಪ್ಪ ಆರ್ಟ್ ಪೇಪರ್ ಮೇಲೆ ಅಚ್ಚು ಹಾಕ್ಸಿದ್ದೆ. ಹುಡುಗ ಹೋದ ವರ್ಷ ಕಾಮಾಲೆಯಾಗಿ ತೀರ್ಕೊಂಡ. ಈ ಕಾರ್ಡುಗಳು ಇವತ್ತು ಹೊರದೇಶಕ್ಕೆಲ್ಲ ಪೋಸ್ಟ್ ಆಗ್ಬೇಕಿತ್ತು.”

ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಕೋದಂಡರಾಮಪ್ಪನವರು ಕೋಳಿ ಕದ್ದವರನ್ನೂ ಕಂಡಿದ್ದರು, ತಾಳಿ ಕದ್ದವರನ್ನೂ ಕಂಡಿದ್ದರು. ಕಾರ್ಡು ಕದ್ದವನು ಇವನೇ ಮೊದಲು. ಆದರೂ ಹೆಂಗಸು ಅಳು ತಡೆದುಕೊಂಡು ನಿಂತಿದ್ದರು. ಎಫ್.ಐ.ಆರ್. ನಂಬರ್ 27/83, ಭಾರತ ದಂಡ ಸಂಹಿತೆ ಕಲಂ 454 ಮತ್ತು 380.

10-15ಕ್ಕೆ ಹೆಡ್ ಕಾನ್‌ಸ್ಟೇಬಲ್ ಆಂಜಿನಪ್ಪನೊಂದಿಗೆ ಸ್ಥಳಕ್ಕೆ ಹೋದರು. ಬಾಗಿಲ ಬೀಗ ಹಾಕಿದ್ದು ಹಾಕಿದಂತೆಯೇ ಇತ್ತು. ಹಿಂದಿನ ಕಿಟಕಿಯ ಕಲ್ಲಿನ ಚೌಕಟ್ಟನ್ನು ಕೆತ್ತಿ ಎರಡು ಕಂಬಿ ಹೊರಗೆಳೆದಿದ್ದರು. ಭಾನುವಾರ ಬೆಳಿಗ್ಗೆ ಎಲ್ಲ ಸರಿಯಾಗಿತ್ತು, ಸಂಜೆಗೆ ಕಂಬಿ ಇರಲಿಲ್ಲ ಎಂದು ಪಕ್ಕದ ಟೈಲರ್ ಹೇಳಿದ. ಕೋದಂಡರಾಮಪ್ಪನವರು ಕೆತ್ತಿದ ಜಾಗದ ಮೇಲೆ ಬೆರಳಾಡಿಸಿದರು. ಒಂದು ಚಕ್ಕೆಯೂ ಹೆಚ್ಚಿಗೆ ಎದ್ದಿರಲಿಲ್ಲ. ಹಾರೆ ಹಾಕಿ ಮೀಟುವ ಕಳ್ಳನ ಕೈಯಲ್ಲ ಇದು.

ನಾಲ್ಕು ಬಗೆಯ ಕಾರ್ಡುಗಳಲ್ಲಿ ಒಂದು ಬಗೆಯದು ಮಾತ್ರ ಪೂರ್ತಿ ಕಾಣೆಯಾಗಿತ್ತು. ಅದರ ಅಸಲು ಚಿತ್ರ ಗೋಡೆಯ ಮೇಲೆ ಹಾಗೇ ಇತ್ತು. ಅಡ್ಡಡ್ಡ ಬಣ್ಣದ ಪಟ್ಟಿಗಳು. ಎಲ್ಲಕ್ಕೂ ಮೇಲಿನದು ಅರಿಶಿನ ಬಣ್ಣ, ಅದರಲ್ಲೊಂದು ಕೆಂಪು ಚುಕ್ಕೆ.

“ಸಾರ್, ಇದು ಚಿತ್ರಾನಾ? ನಮ್ಮನೆ ಜಮಖಾನದಂಗದೆ,” ಎಂದ ಆಂಜಿನಪ್ಪ.

“ಸುಮ್ನಿರಯ್ಯ. ಅಸಲು ಬಿಟ್ಟು ನಕಲು ಯಾಕೆ ಹೊತ್ಕೊಂಡು ಹೋದ, ಅದು ಹೇಳು.”

ಶ್ಯಾಮಲಮ್ಮನ ಚೀಲದಲ್ಲಿ ಆ ಬಗೆಯ ಕಾರ್ಡೊಂದು ಉಳಿದಿತ್ತು. ಕೋದಂಡರಾಮಪ್ಪನವರು ಅದನ್ನು ಗೋಡೆಯ ಚಿತ್ರದ ಪಕ್ಕ ಹಿಡಿದು ಎಣಿಸಿದರು. ಗೋಡೆಯ ಮೇಲೆ ಒಂಬತ್ತು ಪಟ್ಟಿ, ಕಾರ್ಡಿನಲ್ಲಿ ಎಂಟು.

“ಮೇಲಿನ ಪಟ್ಟಿ ಎಲ್ಲಿ ಹೋಯ್ತಮ್ಮ?”

“ಚಿತ್ರ ಉದ್ದ, ಕಾರ್ಡಿಗೆ ಹಿಡಿಸಲ್ಲ ಅಂದ್ರು ಪ್ರೆಸ್ಸಿನೋರು. ಒಂದು ಪಟ್ಟಿ ತೆಗೀರಿ ಅಂದೆ. ಬರೀ ಬಣ್ಣ ತಾನೆ.”

“ಈ ಚಿತ್ರದ ಬಗ್ಗೆ ಯಾರಾದ್ರೂ ವಿಚಾರಿಸಿದ್ರಾ?”

“ಇಲ್ಲ. ಶನಿವಾರ ಬೆಂಗಳೂರಿನವರಿಗೆ ಚಿತ್ರ, ಕಾರ್ಡು ತೋರಿಸ್ತಿದ್ವಿ, ಆಗ ಹುಡುಗನ ತಂದೆ ಬಂದಿದ್ರು. ಶಿವಾರಪಟ್ಟಣದ ಮುನಿಶಾಮಾಚಾರ್ರು, ವಿಗ್ರಹ ಮಾಡ್ತಾರೆ. ಕಾರ್ಡು ಕೈಲಿ ಹಿಡ್ಕೊಂಡು ಇದರ ಮುಂದೆ ಒಂದು ಗಂಟೆ ನಿಂತಿದ್ರು. ಆಮೇಲೆ ಹಾಗೇ ಹೊರಟುಹೋದ್ರು.”

ಕೋದಂಡರಾಮಪ್ಪನವರು ಮತ್ತೊಮ್ಮೆ ಕಿಟಕಿಯ ಕಡೆ ನೋಡಿದರು.

ಮಧ್ಯಾಹ್ನ 1-30. ಶಿವಾರಪಟ್ಟಣದ ಬೀದಿಯ ತುಂಬ ಉಳಿಯ ಸದ್ದು. ಮುನಿಶಾಮಾಚಾರಿ ಮನೆ ಮುಂದಿನ ಚಪ್ಪರದಡಿ ಹೊಸ ಕಲ್ಲಿನ ಮೇಲೆ ಕೆಮ್ಮಣ್ಣಿನ ಜಾಜಿನಲ್ಲಿ ಅದ್ದಿದ ದಾರ ಹಿಡಿದು ಅಡ್ಡಗೆರೆ ಹಾಕುತ್ತಿದ್ದರು. ಕೋದಂಡರಾಮಪ್ಪನವರು ನಿಂತೇ ಎಣಿಸಿದರು. ಗೆರೆಗಳ ನಡುವೆ ಒಂಬತ್ತು ಭಾಗ.

“ಯಾಕೆ ಆಚಾರ್ರೇ ಒಂಬತ್ತು?”

“ದೇವ್ರ ಅಳತೆ ಸಾಮಿ, ನವತಾಳ. ಮುಖ ಒಂದು ತಾಳ, ಮಿಕ್ಕಿದ್ದು ಎಂಟು.”

“ಮುಖ ಇಲ್ದಿದ್ರೆ?”

ಮುದುಕರ ಕೈ ನಿಂತಿತು. ಕೋದಂಡರಾಮಪ್ಪನವರು ಜೇಬಿನಿಂದ ಕಾರ್ಡು ತೆಗೆದು ಕಲ್ಲಿನ ಮೇಲಿಟ್ಟರು.

“ಭಿನ್ನ ಆದ ವಿಗ್ರಹ ಊರಲ್ಲಿ ಇರಬಾರ್ದು ಸಾಮಿ. ನೀರಿಗೆ ಬಿಡ್ಬೇಕು. ಬಿಟ್ಟೆ.”

“ಇದರಲ್ಲಿ ಯಾವ ದೇವ್ರಿದೆ?”

“ದೇವ್ರಲ್ಲ, ಅಶ್ವತ್ಥನ ಅಮ್ಮ. ನನ್ನ ಹೆಂಡ್ತಿ ಮುನಿಯಲ್ಲಮ್ಮ. ಕನ್ನಡಿ ನೋಡ್ದೆ ಕುಂಕುಮ ಇಡ್ತಿದ್ಲು, ಯಾವಾಗ್ಲೂ ಒಂಚೂರು ಎಡಕ್ಕೆ ಹೋಗೋದು. ಆ ಕೆಂಪು ಚುಕ್ಕೆ ನೋಡಿದ್ರಲ್ಲ? ಅವ್ಳ ತಲೆ ತೆಗೆದು ದೇಶದೇಶಕ್ಕೆ ಕಳಿಸ್ತಾರೆ ಅಂದ್ರೆ ನಾನು ನೋಡ್ಕೊಂಡು ಕೂತ್ಕೊಳ್ಳಾ?”

“ಟೀಚರಿಗೆ ಒಂದು ಮಾತು ಹೇಳ್ಬಹುದಿತ್ತು.”

“ಹೇಳೋಕೇ ನಿಂತಿದ್ದೆ. ಬೆಂಗ್ಳೂರೋರು ಸುತ್ತ ನಿಂತು, ಇದು ಬೆಟ್ಟ, ಇದು ಹೊಲ ಅಂತಿದ್ರು. ಇದಕ್ಕೊಂದು ತಲೆ ಐತೆ ಅಂದ್ರೆ ನಗಾಡೋರು. ಟೀಚರು ಸೋಮವಾರ ಪೋಸ್ಟ್ ಮಾಡ್ತೀವಿ ಅಂದ್ರು. ನಂಗುಳಿದಿದ್ದು ಭಾನುವಾರ ಒಂದೇ.”

3-40ಕ್ಕೆ ಆರೋಪಿ ತೋರಿಸಿದ ಕಡೆ ಕೆರೆಯಿಂದ ಪಂಚೆಯ ಗಂಟೊಂದನ್ನು ಮೇಲೆತ್ತಿಸಿ, ಇಬ್ಬರು ಪಂಚರ ಸಮಕ್ಷಮ ಪಂಚನಾಮೆ ಬರೆಯಲಾಯಿತು. ಒಳಗೆ ಕಾರ್ಡುಗಳು ನೆನೆದು ಮುದ್ದೆಯಾಗಿದ್ದವು. ಅವುಗಳ ಮೇಲೆ ಅರಿಶಿನ, ಕುಂಕುಮ, ಹೂವು ಇದ್ದವು. ಆಂಜಿನಪ್ಪ ಯಾರೂ ಹೇಳದೆಯೇ ಟೋಪಿ ತೆಗೆದ.

4-30ಕ್ಕೆ ದಸ್ತಗಿರಿ. ಸುದ್ದಿ ತಿಳಿದು ಠಾಣೆಗೆ ಓಡಿಬಂದ ಶ್ಯಾಮಲಮ್ಮ, “ತಪ್ಪು ನಂದು ಸಾರ್, ಕೇಸು ವಾಪಸ್ ತಗೋತೀನಿ,” ಎಂದು ಅತ್ತುಬಿಟ್ಟರು.

“ಅದನ್ನ ಕೋರ್ಟಲ್ಲಿ ಹೇಳಿಯಮ್ಮ. ನಾನೂ ಹೇಳ್ತೀನಿ,” ಎಂದರು ಕೋದಂಡರಾಮಪ್ಪ. ಹಾಗೆ ಹೇಳುವ ಅಧಿಕಾರ ತಮಗಿಲ್ಲವೆಂದು ಅವರಿಗೆ ಗೊತ್ತಿತ್ತು.

ಮುನಿಶಾಮಾಚಾರಿ ಬೆಂಚಿನ ಮೇಲೆ ಕೂತು, ಯಾರೂ ಕೇಳದಿದ್ದರೂ ಹೇಳತೊಡಗಿದರು.

“ಉಳಿ ಬಿಟ್ಟು ಬಣ್ಣ ಹಿಡೀತೀನಿ ಅಂದ ಸಾಮಿ. ಅಳತೆ ಬಿಟ್ಟೋನು ನನ್ನ ಮಗ ಅಲ್ಲ ಅಂದೆ. ನಾಲ್ಕು ವರ್ಷ ಮಾತಾಡ್ಲಿಲ್ಲ, ಆಸ್ಪತ್ರೆಗೂ ಹೋಗ್ಲಿಲ್ಲ. ಶನಿವಾರ ಯಾರೂ ನೋಡ್ದೇ ಇರೋವಾಗ ಆ ಚಿತ್ರಕ್ಕೆ ದಾರ ಹಿಡಿದು ನೋಡ್ದೆ. ಒಂದು ನೂಲೆಳೆ ಆಚೀಚೆ ಇಲ್ಲ. ಅವನು ಅಳತೆ ಬಿಟ್ಟೇ ಇರ್ಲಿಲ್ಲ.”

ಕೇಸ್ ಡೈರಿಯಲ್ಲಿ ಉದ್ದೇಶ ಬರೆಯಬೇಕಿತ್ತು. ಕೋದಂಡರಾಮಪ್ಪನವರು ‘ಮೂಢನಂಬಿಕೆ’ ಎಂದು ಬರೆದು ಹೊಡೆದು ಹಾಕಿದರು. ಆಮೇಲೆ ಇಲಾಖೆಯ ಭಾಷೆಯಲ್ಲೇ ಬರೆದರು: ‘ಮೃತ ಮಗನ ಬಳಿ ತಪ್ಪೊಪ್ಪಿಕೊಳ್ಳಲು ಆರೋಪಿಗೆ ಬೇರೆ ದಾರಿ ಇದ್ದುದು ತನಿಖೆಯಲ್ಲಿ ಕಂಡುಬಂದಿರುವುದಿಲ್ಲ.’