ಗುಂಡನ ಕಾಗದಗಳು

"ಗುಂಡನ ಕಾಗದಗಳ ಪ್ರತಿ ಬೇಕಿತ್ತು, ಡಾಕ್ಟ್ರೇ. ರಕ್ತ ಪರೀಕ್ಷೆ, ಎಕ್ಸ್‌ರೇ, ಚಿಕಿತ್ಸೆ ಬರೆದಿರೋದು... ಮೊದಲಿನಿಂದ ಇರೋದೆಲ್ಲ."

ಕೈ ತೊಳೆಯುತ್ತಿದ್ದ ಡಾಕ್ಟರು ತಿರುಗಲಿಲ್ಲ. ನಲ್ಲಿಯ ನೀರು ಸುರಿಯುತ್ತಲೇ ಇತ್ತು.

"ಯಾಕೆ?"

"ದೊಡ್ಡಾಸ್ಪತ್ರೆಯಲ್ಲಿ ಒಂದ್ಸಲ ತೋರಿಸೋಣ ಅಂತ."

"...ಸಂಜೆ ಬನ್ನಿ."

ಸ್ಟೀಲ್ ಮೇಜಿನ ಮೇಲೆ ಅವಳ ನಾಯಿ ಗುಂಡ ಬಾಲ ಮುದುರಿಕೊಂಡು ನಿಂತಿದ್ದ. ಅವನ ದವಡೆಯ ಕೆಳಗೆ ನಿಂಬೆಹಣ್ಣಿನಷ್ಟು ಗಂಟು.

ಮೊದಲೆಲ್ಲ ಈ ಮನುಷ್ಯ ಹೀಗಿರಲಿಲ್ಲ. ಅವಳಿಗೆ ಹೇಳಬೇಕಾದದ್ದನ್ನೆಲ್ಲ ನಾಯಿಗೆ ಹೇಳುತ್ತಿದ್ದರು. "ಗುಂಡ, ನಿಮ್ಮಕ್ಕ ಕನ್ನಡಕದಂಗಡಿಯಲ್ಲಿ ಊರವರ ಕಣ್ಣೆಲ್ಲ ನೋಡ್ತಾರೆ. ತಾವು ನಿದ್ದೆ ಮಾಡ್ತಾರಾ, ಕೇಳು." ಗಂಟು ಕೈಗೆ ಸಿಕ್ಕ ದಿನದಿಂದ ಆ ಮಾತು ನಿಂತುಹೋಗಿತ್ತು.

ಸಂಜೆ ಹೋದರೆ ಡಾಕ್ಟರಿಲ್ಲ. ಮರುದಿನ ಕೌಂಟರಿನ ಹೆಂಗಸು, "ಜೆರಾಕ್ಸ್ ಮಿಷನ್ ಕೆಟ್ಟಿದೆಯಂತಮ್ಮ" ಅಂದಳು. ಅವಳ ಬೆನ್ನ ಹಿಂದೆಯೇ ಮಿಷನ್ ಗುರ್ರೆನ್ನುತ್ತ ಬೇರೆ ಯಾರದೋ ಹಾಳೆ ಉಗುಳುತ್ತಿತ್ತು. ಇಬ್ಬರೂ ಅದನ್ನು ಕೇಳಿಸಿಕೊಂಡರು.

ಮನೆಯಲ್ಲಿ ವಿಷಯ ಕೇಳಿ ಅವಳ ಅಕ್ಕ ಹುಬ್ಬೇರಿಸಿದಳು. "ನಾಲ್ಕು ಹಾಳೆ ಕೊಡೋಕೆ ಇಷ್ಟು ದಿನವೇನೇ? ಏನೋ ಎಡವಟ್ಟು ಮಾಡಿದ್ದಾನೆ. ಈಗ ಕೂತು ತಿದ್ದುತಾ ಇರ್ತಾನೆ, ನಿನ್ನ ಡಾಕ್ಟರು."

"ನನ್ನ ಡಾಕ್ಟರೇನಲ್ಲ."

"ಹೌದೌದು. ನಾಯಿ ಉಗುರು ಕತ್ತರಿಸೋಕೂ ಹೊಸ ಬಟ್ಟೆ ಹಾಕ್ಕೊಂಡು ಹೋಗೋಳು ನಾನು ತಾನೆ."

ಅವಳಿಗೆ ನಗು ಬರಲಿಲ್ಲ. ಗುಂಡ ತಟ್ಟೆಯನ್ನು ಮೂಸಿ, ಗೋಡೆಯ ಕಡೆ ಮುಖ ಮಾಡಿ ಮಲಗಿದ. ಅವನ ಉಸಿರಿನಲ್ಲಿ ಹೊಸದೊಂದು ಗೊರಗೊರ ಸೇರಿಕೊಂಡಿತ್ತು. 'ಇವರ ಕೈಯಲ್ಲೇ ಇವನಿಗೆ ಏನಾದ್ರೂ ಆಗಿದ್ರೆ? ಇವರನ್ನಾ ನಾನು ನಂಬಿದ್ದು...'

ಮಾರನೆಯ ದಿನ ಮಧ್ಯಾಹ್ನ ಅವಳು ಯಾರನ್ನೂ ಕೇಳದೆ ನೇರ ಒಳಗೆ ನಡೆದಳು.

"ಏನು ತಿದ್ದುತಾ ಇದ್ದೀರಿ, ಡಾಕ್ಟ್ರೇ?"

ಅವರ ಮುಖ ಕಪ್ಪಿಟ್ಟಿತು. ಡ್ರಾಯರ್ ಎಳೆದು ಒಂದು ಲಕೋಟೆ ತೆಗೆದು ಮೇಜಿನ ಮೇಲಿಟ್ಟರು.

"ಒಂದಕ್ಷರವೂ ತಿದ್ದಿಲ್ಲ. ನೀವು ಕೇಳಿದ ದಿನವೇ ಎರಡು ಪ್ರತಿ ಮಾಡಿಸಿದೆ. ಒಂದು ಅವತ್ತೇ ದೊಡ್ಡಾಸ್ಪತ್ರೆಗೆ ಹೋಯ್ತು. ಗಂಟು ಒಳ್ಳೇದಲ್ಲ. ನಾಳೆ ಬೆಳಿಗ್ಗೆ ಆಪರೇಷನ್‌ಗೆ ಸಮಯ ಕೇಳಿಟ್ಟಿದ್ದೀನಿ. ಗುಂಡನಿಗೆ ಒಂದು ಗಂಟೆಯೂ ತಡ ಮಾಡಿಲ್ಲ."

"ಮತ್ತೆ ನನ್ನ ಯಾಕೆ ಅಲೆಸಿದ್ರಿ?"

ಅವರು ಡ್ರಾಯರನ್ನು ಮೆಲ್ಲಗೆ ಮುಚ್ಚಿದರು. ಗೋಡೆಯಾಚೆ ಯಾವುದೋ ಬೆಕ್ಕು ಅಳುತ್ತಿತ್ತು.

"ಕಾಗದ ತಗೊಂಡು ಹೋದವರು ಇಲ್ಲಿಗೆ ಮತ್ತೆ ಬರಲ್ಲ."

ಅವಳಿಗೆ ಮೊದಲು ಬಂದದ್ದು ಕೋಪ. ಆಮೇಲೆ ಬಂದದ್ದಕ್ಕೆ ಅವಳ ಬಳಿ ಹೆಸರಿರಲಿಲ್ಲ.

"ಆಪರೇಷನ್ ನೀವೇ ಮಾಡಬಹುದಿತ್ತಲ್ಲ?"

"ಬೇರೆಯವರ ನಾಯಿಯಾಗಿದ್ರೆ ಮಾಡ್ತಿದ್ದೆ. ಇವನ ಮೈಗೆ ಕತ್ತಿ ಹಚ್ಚೋಕೆ ಹೋದ್ರೆ ನಿಮ್ಮ ಮುಖ ಕಾಣುತ್ತೆ. ಕೈ ನಿಲ್ಲಲ್ಲ."

"ನಿಮ್ಮನ್ನ ಕಳ್ಳ ಅಂದ್ಕೊಂಡಿದ್ದೆ."

"ನಾನು ನಡ್ಕೊಂಡಿದ್ದೂ ಹಾಗೇ ಇತ್ತು."

ಅವಳು ಲಕೋಟೆಯನ್ನು ಎದೆಗೆ ಒತ್ತಿಕೊಂಡಳು. ಕೇಳಬಾರದೆಂದುಕೊಂಡಿದ್ದ ಪ್ರಶ್ನೆ ತಾನಾಗಿಯೇ ಹೊರಬಿತ್ತು.

"ಉಳೀತಾನಾ?"

"ಗೊತ್ತಿಲ್ಲ. ಸುಳ್ಳು ಹೇಳಲ್ಲ... ನಂಗೆ ಭಯ ಇದೆ."

ಅವಳು ಬಾಗಿಲ ತನಕ ಹೋಗಿ ನಿಂತಳು.

"ನಾಳೆ ನೀವೂ ಅಲ್ಲಿಗೆ ಬನ್ನಿ," ಎಂದಳು.

"ಅಲ್ಲಿ ನನ್ನನ್ನ ಒಳಗೆ ಬಿಡಲ್ಲ."

"ಒಳಗೆ ಬೇಡ. ಹೊರಗೆ, ನನ್ನ ಪಕ್ಕ ಕೂತ್ಕೊಳ್ಳಿ."

"ಆ ಹೊತ್ತಲ್ಲಿ ಏನು ಮಾತಾಡ್ಬೇಕು ಅಂತ ನಂಗೆ ತಿಳಿಯಲ್ಲ."

"ಮಾತಾಡ್ಬೇಡಿ. ಎದ್ದು ಹೋಗ್ಬೇಡಿ, ಅಷ್ಟೇ. ಅವನು ಉಳಿದ್ರೂ... ಉಳೀದೇ ಇದ್ರೂ."

"ಹೋಗಲ್ಲ," ಎಂದರು ಅವರು.