ಪೋರೂರಿನ ಕೌಂಟರಿನಲ್ಲಿ ಮುರಿದ ಅಕ್ಷರಗಳು

ಪೋರೂರಿನ ಖಾಸಗಿ ಆಸ್ಪತ್ರೆಯೊಂದರ ನೋಂದಣಿ ಕೌಂಟರಿನಲ್ಲಿ ಸಿಬ್ಬಂದಿ ಟೈಪ್ ಮಾಡಿದ ಪ್ರತಿ ಅಕ್ಷರವನ್ನೂ ಯಾರೋ ಹೊರಗೆ ಕುಳಿತು ಓದುತ್ತಿದ್ದರು. ಸಿನಿಮಾ ನಟಿಯೊಬ್ಬರ ಕಾಯಿಲೆಯ ವಿವರ ಯೂಟ್ಯೂಬ್ ಚಾನೆಲೊಂದರಲ್ಲಿ ಬಂದ ಮೇಲಷ್ಟೇ ಆಸ್ಪತ್ರೆಗೆ ಇದು ಗೊತ್ತಾಯಿತು. ಮರುದಿನ ಬೆಳಿಗ್ಗೆ ಸಂಗೀತಾ ಎಂಬ ಹುಡುಗಿ ವಡಪಳನಿಗೆ, ಸರ್ವಮಂಗಳಾ ಅವರನ್ನು ಹುಡುಕಿಕೊಂಡು ಬಂದಳು.

ಸರ್ವಮಂಗಳಾ ಅವರ ಮನೆ ದೇವಸ್ಥಾನದ ಹಿಂದಿನ ಬೀದಿಯಲ್ಲಿದೆ. ವಿಮಾ ಕಂಪನಿಯಲ್ಲಿ ಸುಳ್ಳು ಕ್ಲೇಮುಗಳನ್ನು ಪತ್ತೆ ಹಚ್ಚುವುದು ಅವರ ಕೆಲಸವಾಗಿತ್ತು. ನಿವೃತ್ತಿಯ ನಂತರವೂ ಅವರ ಬಳಿ ಜನ ಬರುವುದು ನಿಂತಿಲ್ಲ. ಕೆಳಗಿನ ಮನೆಯಲ್ಲಿರುವ ನಾನು, ಪತ್ರಿಕೆಯ ಹಳೆಯ ಉಪಸಂಪಾದಕ, ಅಂಥ ಭೇಟಿಗಳಲ್ಲಿ ಜೊತೆಗಿರುತ್ತೇನೆ.

"ನಾನು ಮಾಡಿಲ್ಲ ಆಂಟಿ, ಸತ್ತಿಯಮಾ, ಸತ್ಯವಾಗ್ಲೂ," ಎಂದಳು ಸಂಗೀತಾ.

"ಮೊದಲ ಕೂಡವ್ವಾ. ಏನ್ ಮಾಡಿಲ್ಲ ಅಂತ ಹೇಳು."

ಅಡ್ಯಾರಿನಲ್ಲಿ ರಮೇಶ್ ಎಂಬವರ ಸಣ್ಣ ಕಂಪನಿಯಲ್ಲಿ ಅವಳಿಗೆ ಕೆಲಸ. ಆಸ್ಪತ್ರೆಯ ಕೌಂಟರಿನ ಕಂಪ್ಯೂಟರಿನಲ್ಲಿ ಚಿತ್ರಗಳಿಲ್ಲ, ಬರೀ ಅಕ್ಷರ. ಆ ಅಕ್ಷರಗಳನ್ನು ತೋರಿಸುವ ಟರ್ಮಿನಲ್ ಎಮ್ಯುಲೇಟರನ್ನು ಬರೆದವಳು ಅವಳೇ.

"ಅಂದ್ರ ನಮ್ಮ ಆಫೀಸಿನ್ಯಾಗ ಹಸಿರು ಅಕ್ಷರದ ಟರ್ಮಿನಲ್ ಇತ್ತಲ್ಲ, ಅದರಂಗ ನಟಿಸೋ ಪ್ರೋಗ್ರಾಂ," ಎಂದರು ಸರ್ವಮಂಗಳಾ.

"ಕರೆಕ್ಟ್ ಆಂಟಿ. ಕಂಪ್ಯೂಟರನ್ನೇ ನಡೆಸೋ ಮೂಲ ತಿರುಳು ಇರುತ್ತಲ್ಲ, ಕರ್ನಲ್ ಅಂತ, ಅದರೊಳಗೇ ಅಂಥದ್ದೊಂದಿದೆ. ಆದ್ರೆ ಅದಕ್ಕೆ ಕನ್ನಡ, ತಮಿಳು ಬರೆಯೋಕೆ ಬರಲ್ಲ. ನಂದು ಕರ್ನಲ್ ಹೊರಗೆ, ಬೇರೆ ಪ್ರೋಗ್ರಾಂ ಥರಾನೇ ಓಡುತ್ತೆ. ಪೇಷಂಟ್ ಹೆಸರು ಅವರವರ ಭಾಷೇಲೇ ಕಾಣುತ್ತೆ."

ಆಸ್ಪತ್ರೆ ಒಂದು ಷರತ್ತು ಹಾಕಿತ್ತು. ಸಿದ್ಧಪಡಿಸಿ ತಂದ ಪ್ರೋಗ್ರಾಂ ಬೇಡ. ನೀವು ಬರೆದ ಮೂಲ ಸಾಲುಗಳನ್ನೇ, ಅಂದರೆ ಸೋರ್ಸ್ ಕೋಡ್ ಕೊಡಿ, ನಮ್ಮ ತಜ್ಞರು ಓದುತ್ತಾರೆ, ಆಮೇಲೆ ನಮ್ಮೆದುರೇ, ಕೌಂಟರಿನ ಯಂತ್ರದಲ್ಲೇ ಬಿಲ್ಡ್ ಮಾಡಿ, ಅದನ್ನು ಓಡುವ ಪ್ರೋಗ್ರಾಂ ಆಗಿಸಿ. ಸಂಗೀತಾ ಹಾಗೆಯೇ ಮಾಡಿದ್ದಳು. ಈಗ ಕೌಂಟರಿನಲ್ಲಿ ಓಡುತ್ತಿರುವ ಪ್ರೋಗ್ರಾಮಿನಲ್ಲಿ ಕದ್ದು ಓದುವ ಭಾಗವಿದೆ. ಸೋರ್ಸ್ ಕೋಡಿನಲ್ಲಿ ಅದರ ಸುಳಿವೂ ಇಲ್ಲ.

"ಬಿಲ್ಡ್ ಮಾಡಿದ್ದು ನಾನೊಬ್ಬಳೇ. ಅದಕ್ಕೆ ಕಳ್ಳಿ ನಾನೇ ಅಂತೆ. ನಾಳೆ ಸಾಯಂಕಾಲ ರಮೇಶ್ ಸರ್ ಆಸ್ಪತ್ರೆಗೆ ನನ್ನ ಹೆಸರು ಕೊಡ್ತಾರೆ. ಆಸ್ಪತ್ರೆಯವರು ಪೊಲೀಸ್‌ಗೆ ಕೊಡ್ತಾರೆ."

ಅಡ್ಯಾರಿನ ಕಚೇರಿಯಲ್ಲಿ ರಮೇಶ್ ನಮ್ಮನ್ನು ಬಾಗಿಲಲ್ಲೇ ತಡೆದರು. "ಇದು ಕಂಪ್ಯೂಟರ್ ವಿಷಯ ಮೇಡಂ. ನಿಮಗೆ ಕಷ್ಟ."

"ಸುಳ್ಳು ಹೇಳಿದ್ದು ಕಂಪ್ಯೂಟರ್ ಅಲ್ರಿ, ಮನುಷ್ಯಾ. ಅದು ನನಗ ರೂಢಿ," ಎಂದು ಸರ್ವಮಂಗಳಾ ಒಳಗೆ ನಡೆದರು.

ಸಂಗೀತಾಳನ್ನು ಬಿಟ್ಟರೆ ಕಂಪನಿಯವರಲ್ಲಿ ಆ ಕೌಂಟರಿನ ಯಂತ್ರವನ್ನು ಮುಟ್ಟಿದವರು ಇಬ್ಬರೇ. ನಿಶಾಂತ್ ಪ್ರೋಗ್ರಾಂ ಪರೀಕ್ಷಿಸುವವನು, ಸಿಬ್ಬಂದಿಗೆ ಕಲಿಸಲು ಹೋಗಿದ್ದ. ಅಜಿತ್ ಯಂತ್ರ, ಕೇಬಲ್ ನೋಡಿಕೊಳ್ಳುವವನು. ಸೋರ್ಸ್ ಕೋಡಿನ ನಕಲು ಕಚೇರಿಯ ಎಲ್ಲರ ಬಳಿಯೂ ಇತ್ತು.

ನಿಶಾಂತ್ ಕುರ್ಚಿಯಿಂದ ಏಳಲಿಲ್ಲ. "ಬಿಲ್ಡ್ ಆಗೋವಾಗ ಪರದೆ ತುಂಬ ಸಾಲು ಓಡುತ್ತೆ. ಯಾರು ಓದ್ತಾರೆ ಹೇಳಿ? ಅವಳು ಏನು ಸೇರಿಸಿದ್ರೂ ನೋಡ್ತಾ ನಿಂತವರು ತಲೆ ಆಡಿಸ್ತಾರೆ." ಈ ಪ್ರಾಜೆಕ್ಟನ್ನು ಅವನು ತನಗೆ ಕೊಡಿ ಎಂದು ಕೇಳಿದ್ದನಂತೆ. ಸಿಕ್ಕಿದ್ದು ಸಂಗೀತಾಳಿಗೆ. ಅವನ ಮೇಲೆ ನನ್ನ ಅನುಮಾನ ಅಲ್ಲೇ ಕುಳಿತಿತು.

ಅಜಿತ್ ನಮಗೆ ಕುರ್ಚಿ ಎಳೆದುಕೊಟ್ಟ. "ಪಾವಂ ಮೇಡಂ, ಪಾಪದ ಹುಡುಗಿ. ಸಂಗೀತಾ ಅಂಥವಳಲ್ಲ."

"ನೀನೂ ಈ ಪ್ರೋಗ್ರಾಂ ಬಿಲ್ಡ್ ಮಾಡೀಯೇನಪಾ?"

"ಇಲ್ಲವೇ ಇಲ್ಲ ಮೇಡಂ. ಕನ್ನಡ, ತಮಿಳು ಅಕ್ಷರ ಜೋಡಿಸೋಕೆ ಲೈಬ್ರರಿ ಅಂತ ಒಂದು ಸಹಾಯಕ ಪ್ರೋಗ್ರಾಂ ಬೇಕು, ಅದು ಸಂಗೀತಾ, ನಿಶಾಂತ್ ಇಬ್ಬರ ಲ್ಯಾಪ್‌ಟಾಪ್‌ನಲ್ಲಿದೆ. ನನ್ನದರಲ್ಲಿ ಅದೆಲ್ಲಾ ಹಾಕಿಲ್ಲ. ಎನಕ್ಕು ಕನ್ನಡಂ ಪಡಿಕ್ಕವೇ ತೆರಿಯಾದು," ಎಂದು ನಕ್ಕ. ಕನ್ನಡ ಓದಲು ಬಾರದವನಿಗೆ ಆ ಲೈಬ್ರರಿ ಏಕೆ ಎಂಬುದು ಅವನ ಮಾತಿನ ಅರ್ಥ.

ಮಧ್ಯಾಹ್ನ ಪೋರೂರಿನ ಆಸ್ಪತ್ರೆಗೆ ಹೋದೆವು. ಕೌಂಟರಿನ ಜಯಲಕ್ಷ್ಮೀ ಮಂಡ್ಯದ ಕಡೆಯವರು.

"ಈ ಹುಡುಗಿ ನನ್ನ ಎದುರಿಗೇ ಬಿಲ್ಡ್ ಮಾಡಿದ್ಲು. ಅವತ್ತು ನನ್ನ ಹೆಸರು ಹಾಕಿ ನೋಡ್ದೆ, ಮುತ್ತಿನ ಹಂಗಿತ್ತು," ಎಂದರು ಅವರು. "ಈಗ ನೋಡಿ." ಪರದೆಯ ಮೇಲೆ ಅವರ ಹೆಸರು ಚೂರುಚೂರಾಗಿತ್ತು. ಒತ್ತುಗಳು ಅಕ್ಷರದ ಕೆಳಗೆ ಕೂರದೆ ಪಕ್ಕಕ್ಕೆ ಸಾಲಾಗಿ ನಿಂತಿದ್ದವು.

"ಯಾವಾಗಿಂದ ಹಿಂಗಾತು?"

"ಸ್ವಲ್ಪ ದಿನ ಆಯ್ತು. ತಮಿಳೂ ಹಿಂಗೇ ಕೆಟ್ಟಿದೆ. ಇಂಗ್ಲಿಷ್ ಸರಿಯಾಗಿದೆ, ನಾವು ಟೈಪ್ ಮಾಡೋದು ಅದರಲ್ಲೇ. ಹೆಂಗೋ ನಡೀತದೆ ಅಂತ ಸುಮ್ನಾದ್ವಿ."

ಹೊರಗೆ ಆಟೋಗೆ ಕಾಯುವಾಗ ಸಂಗೀತಾ ತಾನಾಗಿಯೇ ಹೇಳಿದಳು: "ತಪ್ಪು ನಂದೂ ಇದೆ ಆಂಟಿ. ಬಿಲ್ಡ್ ಮಾಡೋ ಯಂತ್ರದಲ್ಲಿ ಆ ಲೈಬ್ರರಿ ಇಲ್ಲದಿದ್ರೆ ಬಿಲ್ಡ್ ಅಲ್ಲೇ ನಿಲ್ಲೋ ಹಾಗೆ ಬರೀಬೇಕಿತ್ತು. ನಾನು ಹಾಗೆ ಬರೆದಿಲ್ಲ. 'ಸಿಗಲಿಲ್ಲ, ಬಿಟ್ಟು ಮುಂದೆ ಹೋಗ್ತೀನಿ' ಅಂತ ಒಂದು ಸಾಲು ಬಂದು ಓಡಿಹೋಗುತ್ತೆ. ಹಾಗೆ ಬಿಲ್ಡ್ ಆದದ್ದು ಎಲ್ಲಿ ಓಡಿದ್ರೂ ಅಕ್ಷರ ಒಡೆದೇ ಕಾಣುತ್ತೆ."

ಸರ್ವಮಂಗಳಾ ಅಲ್ಲಿಂದಲೇ ರಮೇಶ್‌ಗೆ ಫೋನ್ ಮಾಡಿದರು. "ಕೌಂಟರಿನ್ಯಾಗ ಅಕ್ಷರ ಒಡದಾವ ಅಂತ ನಿಮ್ಮ ಹುಡುಗರಿಗೆ ಹೇಳ್ರಿ. ಇಷ್ಟ ಹೇಳ್ರಿ, ಸಾಕು. ನಾಳೆ ಮಧ್ಯಾಹ್ನ ಬರ್ತೀವಿ."

"ಅಜಿತನೇ ಅಲ್ಲವೇ?" ಎಂದು ನಾನು ಕೇಳಿದೆ.

"ಸಿದ್ಧಲಿಂಗೇಶ್ ಅವರೇ, ನಿನ್ನೆಯವರೆಗೂ ನಿಮ್ಮ ಪತ್ರಿಕೆ ಬುದ್ಧಿಗೆ ಎರಡು ಮೂಲ ಬೇಕಿತ್ತು. ಇವತ್ತ ಒಂದ ಸಾಕಾತೇನು?"

ಮರುದಿನ ರಮೇಶರ ಕೋಣೆಯಲ್ಲಿ ಎಲ್ಲರೂ ಸೇರಿದರು. ಆಸ್ಪತ್ರೆಗೆ ಕಳಿಸಬೇಕಿದ್ದ ಪತ್ರದ ಕರಡು ಮೇಜಿನ ಮೇಲಿತ್ತು. ಅದರಲ್ಲಿ ಸಂಗೀತಾಳ ಹೆಸರಿತ್ತು. ಅವಳು ಗೋಡೆಗೆ ಒರಗಿ ನಿಂತೇ ಇದ್ದಳು.

"ಮೂರೂ ಲ್ಯಾಪ್‌ಟಾಪ್ ಇಲ್ಲಿಡ್ರಿ. ಅದೇ ಸೋರ್ಸ್ ಕೋಡ್ ನನ್ನೆದುರಿಗೆ ಬಿಲ್ಡ್ ಮಾಡ್ರಿ. ಆಮೇಲೆ ಜಯಲಕ್ಷ್ಮೀ ಅಂತ ಬರೀರಿ," ಎಂದರು ಸರ್ವಮಂಗಳಾ.

ಮೂರು ಪರದೆಗಳಲ್ಲೂ ಸಾಲುಗಳು ಓಡಿ ನಿಂತವು. ಸಂಗೀತಾಳ ಪರದೆಯಲ್ಲಿ ಹೆಸರು ಅಂದವಾಗಿ ಮೂಡಿತು. ನಿಶಾಂತನದರಲ್ಲೂ ಮೂಡಿತು. ಅಜಿತನದರಲ್ಲಿ ಅಕ್ಷರ ಒಡೆಯುತ್ತದೆಂದು ನಾನು ಕಾದಿದ್ದೆ. ಅಲ್ಲಿಯೂ ಒತ್ತುಗಳು ಒಪ್ಪವಾಗಿ ಕುಳಿತವು.

ನಿಶಾಂತ್ ನಕ್ಕ. "ಮೂರೂ ಸರಿಯಾಗಿವೆ. ಮುಗೀತಾ ಮೇಡಂ?"

"ಎರಡ ಸರಿ ಇರಬೇಕಿತ್ತಪಾ."

ಅವರು ಅಜಿತನ ಕಡೆ ತಿರುಗಿದರು. "ನಿನ್ನೆ ಬೆಳಿಗ್ಗೆ ನಿನ್ನ ಯಂತ್ರದಾಗ ಆ ಲೈಬ್ರರಿ ಇರಲಿಲ್ಲ. ನೀನ ಹೇಳಿದಿ, ಇವರೂ ಕೇಳ್ಯಾರ. ಕೌಂಟರಿನ್ಯಾಗ ಅಕ್ಷರ ಒಡದದ್ದು ಆಗ ನಿನಗ ಗೊತ್ತಿರಲಿಲ್ಲ, ಅದಕ್ಕ ಧೈರ್ಯದಿಂದ ಹೇಳಿದಿ. ಸಂಗೀತಾನ ಕೋಡಿಗೆ ಕದ್ದು ಓದೋ ಭಾಗ ಸೇರಿಸಿದಿ. ಕೌಂಟರಿನ್ಯಾಗ ಬಿಲ್ಡ್ ಮಾಡಿದ್ರ ಜನ ನೋಡ್ತಾರ. ಹಂಗಾಗಿ ನಿನ್ನ ಲ್ಯಾಪ್‌ಟಾಪಿನ್ಯಾಗ ಮಾಡಿ, ಪೆನ್‌ಡ್ರೈವಿನ್ಯಾಗ ಒಯ್ದು, ಒಳ್ಳೇದನ್ನ ತಗದು ಕೆಟ್ಟದ್ದನ್ನ ಇಟ್ಟಿ. ಇಂಗ್ಲಿಷಿನ್ಯಾಗ ಅಷ್ಟ ಒಮ್ಮೆ ನೋಡಿ ಎದ್ದು ಬಂದಿ."

"ಲೈಬ್ರರಿ ಹಾಕಿದ್ರೆ ತಪ್ಪಾ? ಸುಮ್ನೆ... ಕಲಿಯೋಣ ಅಂತ."

"ನಾನು ಹೇಳಿ ಕಳಿಸಿದ್ದು ಅಕ್ಷರ ಒಡದಾವ ಅಂತಷ್ಟ. ಯಾಕ ಒಡದಾವ ಅಂತ ಹೇಳಲಿಲ್ಲ. ಇವತ್ತ ಬಿಲ್ಡ್ ಮಾಡಿಸ್ತೀನಿ ಅಂತ ಯಾರಿಗೂ ಗೊತ್ತಿರಲಿಲ್ಲ. ತನ್ನ ಯಂತ್ರದಾಗ ಬಿಲ್ಡ್ ಮಾಡೇ ಇಲ್ಲ ಅನ್ನಾಂವಗ ಆ ಸುದ್ದಿ ಕೇಳಿ ತನ್ನ ಯಂತ್ರ ಸರಿಮಾಡಬೇಕು ಅಂತ ಯಾಕ ಅನಸ್ತು? ಇವತ್ತ ಅಕ್ಷರ ಒಡದು ಬಂದಿದ್ರ ನಿನ್ನ ಮ್ಯಾಲೆ ಅನುಮಾನ ಅಷ್ಟ ಇರ್ತಿತ್ತು."

"ಕೋರ್ಟಿಗೆ ಇದು ಸಾಲಲ್ಲ," ಎಂದ ನಿಶಾಂತ್. ದನಿಯಲ್ಲಿ ಈಗ ಕೊಂಕಿರಲಿಲ್ಲ.

"ಕೋರ್ಟಿಗೆ ಬೇಕಾದ್ದು ಆ ಲ್ಯಾಪ್‌ಟಾಪಿನ್ಯಾಗ ಐತಿ. ಅಳಿಸಿದ್ರೂ ತಗಿಯೋ ಮಂದಿ ಪೊಲೀಸರ ಹಂತ್ಯಾಕ ಇದ್ದಾರ."

ಅಜಿತ್ ಲ್ಯಾಪ್‌ಟಾಪ್ ಮುಚ್ಚಲು ಕೈ ಚಾಚಿದ. ರಮೇಶರ ಕೈ ಮೊದಲು ಅದರ ಮೇಲೆ ಬಿತ್ತು.

"ಒರು ವಾಟ್ಟಿ ದಾನ್ ಸಾರ್," ಎಂದ ಅಜಿತ್. ಒಂದೇ ಸಲ. ಚಾನೆಲಿನವರು ಆ ನಟಿಯ ವಿಷಯವೊಂದೇ ಕೇಳಿದ್ದರಂತೆ.

ರಮೇಶ್ ಕರಡನ್ನು ಹರಿದರು. "ಸಾರಿ ಸಂಗೀತಾ. ಸೋಮವಾರದಿಂದ ಮಾಮೂಲಿ ಕೆಲಸಕ್ಕೆ ಬಾಮ್ಮಾ. ಆಸ್ಪತ್ರೆಗೆ ನಾನು ಆಮೇಲೆ ಹೇಳ್ತೀನಿ."

"ಆಮೇಲೆ ಬೇಡ ಸರ್," ಎಂದಳು ಅವಳು. " ಈಗ ಹೇಳಿ. ಸ್ಪೀಕರ್ ಹಾಕಿ."

ರಮೇಶ್ ಫೋನ್ ಹಚ್ಚಿದರು. ಮಾಡಿದವನು ಸಿಕ್ಕಿದ್ದಾನೆ, ಅಜಿತ್ ಎಂದು ತಮಿಳಿನಲ್ಲಿ ತಿಳಿಸಿದರು. ಆ ಕಡೆಯವರು ಸರಿ ಎಂದರು, ಕರೆ ಮುಗಿಯುವಂತಿತ್ತು.

"ನನ್ನ ಹೆಸರು ಹೇಳಿಲ್ಲ ಸರ್," ಎಂದಳು ಸಂಗೀತಾ. "ಬಿಲ್ಡ್ ಮಾಡುವಾಗ ಅವರು ನೋಡಿದ್ದು ನನ್ನನ್ನೇ. ಕದ್ದವಳು ನಾನಲ್ಲ ಅಂತಾನೂ ಹೇಳಿ."

ರಮೇಶ್ ಒಮ್ಮೆ ನಮ್ಮನ್ನು ನೋಡಿ, ಅವಳ ಹೆಸರು ಹೇಳಿ, ತಾವು ಅವಳನ್ನು ತಪ್ಪಾಗಿ ಅನುಮಾನಿಸಿದ್ದಾಗಿ ಒಪ್ಪಿಕೊಂಡರು. ಆಮೇಲಷ್ಟೇ ಅವಳು ಒಂದು ಕುರ್ಚಿ ಎಳೆದುಕೊಂಡು ಕುಳಿತಳು.