ಹೋಳಿಗೆ ಚಹಾ

"ದಿನಾ?" ಎಂದು ಕೇಳಿದಳು ಊರ್ಮಿಳಾ.

"ದಿನಾ. ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ," ಎಂದಳು ಕಸ್ತೂರಿ.

ಮುಂಬಯಿ ಪಕ್ಕದ ಡೊಂಬಿವಲಿಯ ಆ ಶಾಲೆಯಲ್ಲಿ ಮಕ್ಕಳು ಮಾತಾಡುವುದು ಮರಾಠಿ. ನಾವು ಕನ್ನಡದಲ್ಲೇ ಕೇಳಿಸಿಕೊಳ್ಳೋಣ. ಐದನೇ ಕ್ಲಾಸಿನ ಹುಡುಗಿಯರು ರಿಸೆಸ್ಸಿನಲ್ಲಿ ಡಬ್ಬಿ ಬಿಚ್ಚಿ ಕೂತಿದ್ದರು. "ನೀವು ಕಾನಡಿ ಜನ ಚಹಾ ಬದಲು ಸಾಂಬಾರ್ ಕುಡೀತೀರಂತೆ," ಎಂದು ಯಾರೋ ಅಂದರು. ಎಲ್ಲರೂ ನಕ್ಕರು.

ಕಸ್ತೂರಿಗೆ ಸಿಟ್ಟು ಬಂತು. ಅವರದು ವಿಜಾಪುರದ ಕಡೆಯ ಮನೆ. ಊಟಕ್ಕೆ ರೊಟ್ಟಿ, ಪಲ್ಯ, ಸಾರು. ಸಾಂಬಾರನ್ನು ಅವಳು ಹೋಟೆಲಿನಲ್ಲಿ ಮಾತ್ರ ನೋಡಿದ್ದಳು. ಸಿಟ್ಟಿನಲ್ಲಿ, "ನಾವು ಕುಡಿಯೋದು ಹೋಳಿಗೆ ಚಹಾ. ಪುರಣಪೋಳಿ ತಿಂದಂಗೇ ಇರುತ್ತೆ. ನಿಮಗೆಲ್ಲಿ ಗೊತ್ತು," ಎಂದುಬಿಟ್ಟಳು. ಅಂಥ ಚಹಾ ಭೂಮಿಯ ಮೇಲೆ ಇರಲೇ ಇಲ್ಲ.

"ಶನಿವಾರ ಮಧ್ಯಾಹ್ನ ನಿಮ್ಮನೆಗೆ ಬರ್ತೀನಿ. ಕುಡಿದು ನೋಡಿ ಸೋಮವಾರ ಎಲ್ಲರಿಗೂ ಹೇಳ್ತೀನಿ," ಎಂದಳು ಊರ್ಮಿಳಾ. ಅವಳು ಮಾನಿಟರ್. ಅವಳು ಖರೆ ಅಂದರೆ ಇಡೀ ಕ್ಲಾಸಿಗೆ ಖರೆ.

ಆ ಕ್ಲಾಸಿನಲ್ಲಿ ಒಬ್ಬ ಹುಡುಗಿ, ತನ್ನ ಕಾಕಾ ಪೈಲಟ್ ಎಂದು ಸುಳ್ಳು ಹೇಳಿ ಸಿಕ್ಕಿಬಿದ್ದಿದ್ದಳು. ಅಂದಿನಿಂದ ಅವಳಿಗೆ 'ವಿಮಾನ' ಎಂದೇ ಹೆಸರು. ಅವಳ ಸ್ವಂತ ಹೆಸರು ಟೀಚರಿಗೆ ಮಾತ್ರ ನೆನಪಿತ್ತು. ಇನ್ನು ಮುಂದೆ ತನಗೂ ಅಂಥದೇ ಒಂದು ಹೆಸರು ಬೀಳುತ್ತದೆ ಎಂದು ಕಸ್ತೂರಿಗೆ ಹೆದರಿಕೆಯಾಯಿತು.

ಶನಿವಾರದವರೆಗೆ ಬಾಯಿ ಬಿಡದೆ ಇದ್ದಳು. ಶನಿವಾರ ಬೆಳಗಿನ ಶಾಲೆ ಮುಗಿಸಿ ಬಂದವಳು ಅವ್ವನ ಸೆರಗು ಹಿಡಿದು ನಿಂತಳು. ಎಲ್ಲ ಹೇಳಿದಳು.

ಅವ್ವ ರತ್ನಾಬಾಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಹೋಳಿಗಿ ಚಹಾ ಅಂದ್ರ ಏನಬೇ? ನಾನೂ ಕುಡದಿಲ್ಲ, ನಮ್ಮವ್ವನೂ ಕುಡದಿಲ್ಲ."

"ಬಾಯಿಗೆ ಬಂತು, ಅಂದೆ."

"ಎಲಬಿಲ್ಲದ ನಾಲಿಗಿ ನಿಂದು. ಆತು, ಬರೂ ಹುಡುಗಿಗೆ ಚಹಾ ಅಂತೂ ಕೊಡಬೇಕು, ಮಾಡೋಣ. ಆದರ ದಿನಾ ಮಾಡ್ತೀರೇನ್ರಿ ಅಂತ ಆಕಿ ನನ್ನ ಕೇಳಿದ್ರ, ನಾ ಇಲ್ಲಂತನ ಹೇಳಾಕಿ."

ಹೂರಣಕ್ಕೆ ಹಾಕುವುದನ್ನೆಲ್ಲ ಅವ್ವ ತೆಗೆದಳು. ಯಾಲಕ್ಕಿ, ಒಣಶುಂಠಿ, ಒಂದು ಲವಂಗ. ಕುಟ್ಟಿ ಪುಡಿ ಮಾಡಿದಳು. ಕಸ್ತೂರಿ ಜಾಜಿಕಾಯಿ ತೇಯ್ದು ಸೇರಿಸಿದಳು. ಅದನ್ನೆಲ್ಲ ಚಹಾಪುಡಿಯಲ್ಲಿ ಕಲೆಸಿ, ಅದರಲ್ಲಿ ಎರಡು ಚಮಚ ತೆಗೆದು, ಹಾಲು ಬೆಲ್ಲ ಹಾಕಿ ಸ್ಟವ್ ಮೇಲೆ ಇಟ್ಟರು. ಒಂದು ಕುದಿ ಬಂತೋ ಇಲ್ಲವೋ, ಹಾಲು ಒಡೆದು ಮೊಸರಿನ ಹಾಗೆ ಗಡ್ಡೆಗಡ್ಡೆಯಾಯಿತು. ಮನೆಯಲ್ಲಿ ಇದ್ದ ಹಾಲು ಅಷ್ಟೇ.

ಕಸ್ತೂರಿ ಮೂಲೆಯಲ್ಲಿ ಕೂತು ಅತ್ತಳು.

"ಅತ್ತರ ಹಾಲು ಕೂಡ್ತದೇನು? ಕೋರಾ ಚಹಾ ಮಾಡೋಣ, ಏಳು," ಎಂದಳು ಅವ್ವ. ಅದೇ ಪುಡಿಯನ್ನು ಹಾಲಿಲ್ಲದೆ ನೀರಿನಲ್ಲೇ ಕುದಿಸಿದರು. ಬೆಲ್ಲ ಚೂರೇ ಹಾಕಿದರು. ಈ ಸಲ ಚಹಾ ಕಪ್ಪಗೆ, ತಿಳಿಯಾಗಿ ಬಂತು. ಇಡೀ ಖೋಲಿಯಲ್ಲಿ ಹಬ್ಬದ ದಿನದ ವಾಸನೆ ತುಂಬಿತು.

ಇನ್ನು ಉಳಿದದ್ದು ತಮ್ಮ ಚಂದ್ರಾಮ. ಬಾಲವಾಡಿಗೆ ಹೋಗುವ ಈ ಪುಢಾರಿಗೆ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಕಸ್ತೂರಿ ಅವನ ಬಾಯಿಗೆ ಒಂದು ಪೆಪ್ಪರ್‌ಮಿಂಟ್ ಹಾಕಿ, "ಕರಗೋತನಕ ಸುಮ್ಮನಿರು," ಎಂದಳು.

ಊರ್ಮಿಳಾ ಬಂದು ಚಾಪೆಯ ಮೇಲೆ ಕೂತಳು. ಅವ್ವ ಕಪ್ಪುಬಸಿ ಮುಂದಿಟ್ಟಳು. ಊರ್ಮಿಳಾ ಕಪ್ಪನ್ನು ಮೂಗಿನ ಹತ್ತಿರ ಹಿಡಿದಳು. ಕುಡಿಯಲಿಲ್ಲ. ಹಾಗೇ ಹಿಡಿದುಕೊಂಡು ಕೂತಳು. ಚೆನ್ನಾಗಿಲ್ಲವೇನೋ ಎಂದು ಕಸ್ತೂರಿ ಉಗುರು ಕಚ್ಚತೊಡಗಿದಳು.

ಆಮೇಲೆ ಊರ್ಮಿಳಾ ಮೆಲ್ಲಗೆ ಕುಡಿದಳು. ಅಷ್ಟರಲ್ಲಿ ಪೆಪ್ಪರ್‌ಮಿಂಟ್ ಕರಗಿತು. ಚಂದ್ರಾಮ ತನ್ನ ಬಸಿಯಲ್ಲಿದ್ದ ಚಹಾ ಸೊರ್ ಎಂದು ಎಳೆದು, "ಆಯಿ, ಹಾ ಚಹಾ ರೋಜ್ ಕರ ನಾ," ಎಂದ. ಅವ್ವಾ, ಈ ಚಹಾ ದಿನಾ ಮಾಡು ಅಂತ. ಕನ್ನಡದಲ್ಲಿ ಅಂದಿದ್ದರೆ ಅಕ್ಕ ಬಚಾವಾಗುತ್ತಿದ್ದಳು. ಏನು ಮಾಡುವುದು, ಅವನು ಹೆತ್ತವ್ವನ ಜೊತೆಗೂ ಮರಾಠಿಯಲ್ಲೇ ಮಾತಾಡುವವನು.

ಕಸ್ತೂರಿ ತಲೆ ಎತ್ತಲಿಲ್ಲ. ಈಗ ಊರ್ಮಿಳಾ ಕೇಳುತ್ತಾಳೆ, ಅವ್ವ ಇಲ್ಲ ಅನ್ನುತ್ತಾಳೆ, ಅಲ್ಲಿಗೆ ಮುಗಿಯಿತು.

ಆದರೆ ಊರ್ಮಿಳಾ ಅದನ್ನು ಕೇಳಲಿಲ್ಲ. "ಇನ್ನೊಂದು ಕಪ್ ಕೊಡ್ತೀರಾ ಕಾಕೂ?" ಎಂದಳು. ಅದನ್ನೂ ಕುಡಿದು, "ಹೋಳಿ ಹಬ್ಬದ ದಿನ ನಮ್ಮ ಆಜಿಯ ಕೈಯಿಂದ ಇದೇ ವಾಸನೆ ಬರ್ತಿತ್ತು. ಈ ವರ್ಷ ನಮ್ಮಲ್ಲಿ ಪುರಣಪೋಳಿ ಮಾಡಲಿಲ್ಲ. ಆಜಿ ಇಲ್ಲ," ಎಂದಳು. ಅವ್ವ ಅವಳ ಬೆನ್ನು ಸವರಿದಳು.

ಹೊರಡುವಾಗ ಊರ್ಮಿಳಾ ನಾಚಿಕೊಂಡು, "ಆ ಪುಡಿ ಸ್ವಲ್ಪ ಕೊಡ್ತೀರಾ?" ಎಂದಳು. ಉಳಿದ ಪುಡಿಯನ್ನೆಲ್ಲ ಅವ್ವ ಪೇಪರಿನಲ್ಲಿ ಪೊಟ್ಟಣ ಕಟ್ಟಿ, ದಾರ ಸುತ್ತಿ ಕೊಟ್ಟಳು.

ಸೋಮವಾರ ಎಲ್ಲರೂ ಊರ್ಮಿಳಾಳ ಬೆಂಚು ಮುತ್ತಿಕೊಂಡರು.

"ಚಹಾ ಇತ್ತಾ?"

"ಇತ್ತು. ನಾನು ಎರಡು ಕಪ್ ಕುಡಿದೆ."

"ದಿನಾ ಕುಡೀತಾರಾ?"

ಊರ್ಮಿಳಾ ಒಂದು ಸಲ ಕಸ್ತೂರಿಯನ್ನು ನೋಡಿದಳು. "ಅವಳನ್ನೇ ಕೇಳಿ," ಎಂದಳು.

ಹೌದು ಅಂದರೆ ಆಗುತ್ತಿತ್ತು. ಊರ್ಮಿಳಾ ಬಾಯಿ ಬಿಡುವುದಿಲ್ಲ ಎಂದು ಕಸ್ತೂರಿಗೆ ಗೊತ್ತಾಗಿತ್ತು. ಆದರೂ, "ಇಲ್ಲ. ಶನಿವಾರ ಮೊದಲ ಸಲ ಮಾಡಿದ್ದು," ಎಂದಳು.

ಹುಡುಗಿಯರು ಬಿದ್ದು ಬಿದ್ದು ನಕ್ಕರು. ಗಂಟೆ ಹೊಡೆಯುವಷ್ಟರಲ್ಲಿ ಕಸ್ತೂರಿಗೆ 'ಪುರಣಪೋಳಿ' ಎಂದು ಹೆಸರು ಬಿದ್ದಿತ್ತು. ಅವಳು ಕಿವಿ ಕೆಂಪಗೆ ಮಾಡಿಕೊಂಡು ಊರ್ಮಿಳಾಳ ಪಕ್ಕದಲ್ಲಿ ಕೂತಳು.

ಟೀಚರ್ ವೃತ್ತ ಬರೆಯಲು ಹೇಳಿದರು. ಊರ್ಮಿಳಾ ಕಂಪಾಸ್ ಪೆಟ್ಟಿಗೆ ತೆರೆದಳು. ಒಳಗೆ ರಬ್ಬರ್, ಪೆನ್ಸಿಲ್‌ಗಳ ನಡುವೆ ಪೊಟ್ಟಣ ಇತ್ತು. ಅವ್ವ ಸುತ್ತಿದ ದಾರ ಸುತ್ತಿದ ಹಾಗೇ ಇತ್ತು.

ಇನ್ನೂ ಯಾಕೆ ಚಹಾ ಮಾಡಿಲ್ಲ ಎಂದು ಕೇಳಲು ಕಸ್ತೂರಿ ಬಾಯಿ ತೆರೆದಳು. ಕುದಿಸಿದರೆ ಪುಡಿ ಮುಗಿದುಹೋಗುತ್ತದೆ ಎಂದು ಆಗ ಹೊಳೆಯಿತು.

"ಒಂದು ಪೆನ್ಸಿಲ್ ಕೊಡ್ತೀಯಾ?" ಎಂದಳು.

ಊರ್ಮಿಳಾ ಕೊಟ್ಟಳು. ಪೆನ್ಸಿಲಿಗೂ ಜಾಜಿಕಾಯಿ ವಾಸನೆ ಹತ್ತಿತ್ತು.